ಬಸುರಿಯ ಸಕ್ಕರೆಗೆ ಬಸುರಿಯೊಬ್ಬಳೇ ಹೊಣೆಯಲ್ಲ
ತಾಯಿ ಕಾರ್ಡಿನಲ್ಲಿ ಔಷಧಿ ಕೆಲಸದ ಪ್ರಶ್ನೆಯೂ ಇರಲಿ



ಬಸುರಿ ಹೆಣ್ಣುಮಗಳಿಗೆ ಸಕ್ಕರೆ ಅಂಶ ಜಾಸ್ತಿ ಇದೆ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನವೇ ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ. ಬಯಕೆ ಅಂತ ಸಿಹಿ ತಿಂದಳು. ತವರಿನವರು ಡಬ್ಬಿಗಟ್ಟಲೆ ಉಂಡೆ ಕಳಿಸಿದರು. ಅವರಮ್ಮನಿಗೂ ಇತ್ತಲ್ಲ, ಇವಳಿಗೂ ಬಂತು. ಇದರಲ್ಲಿ ಸತ್ಯವೂ ಇದೆ. ಮೈತೂಕ, ವಯಸ್ಸು, ಮನೆತನದಲ್ಲಿ ಸಕ್ಕರೆ ಕಾಯಿಲೆ ಇರುವುದು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಆದರೆ ಆ ವಿಚಾರಣೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ: ಮುಂಗಾರಿನಲ್ಲಿ ಗೋವಿನಜೋಳಕ್ಕೆ ಕಳೆನಾಶಕ ಹೊಡೆದಾಗ ಡ್ರಮ್ಮಿನ ಹತ್ತಿರ ನಿಂತು ಔಷಧಿ ಕಲಸಿದವರು ಯಾರು?

ಪಂಪು ಬೆನ್ನಿಗೇರಿಸಿಕೊಳ್ಳುವವನು ಗಂಡಸು. ಹಾಗಾಗಿ ಔಷಧಿಯ ಮಾತು ಬಂದಾಗಲೆಲ್ಲ ಅವನ ಮಾಸ್ಕು, ಅವನ ಗ್ಲೌಸಿನ ಮಾತೇ ಬರುತ್ತದೆ. ಹಾವೇರಿ, ದಾವಣಗೆರೆ ಕಡೆಯ ಯಾವುದಾದರೂ ಹೊಲದ ಬದುವಿನಲ್ಲಿ ಅರ್ಧ ದಿನ ನಿಂತು ನೋಡಿ. ಕೊಡದಲ್ಲಿ ನೀರು ಹೊತ್ತು ತರುವವಳು ಅವಳು. ಅಟ್ರಾಜಿನ್ ಪುಡಿಯ ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಬಕೆಟ್ಟಿಗೆ ಸುರಿಯುವವಳು ಅವಳು. ಕೋಲು ಸಿಕ್ಕರೆ ಕೋಲಿನಿಂದ, ಇಲ್ಲದಿದ್ದರೆ ಬರಿಗೈಯಿಂದಲೇ ಕದಡಿ, ಖಾಲಿಯಾಗಿ ಬಂದ ಪಂಪಿಗೆ ಮತ್ತೆ ತುಂಬಿಸುತ್ತಾಳೆ. ಗಾಳಿ ತಿರುಗಿದರೆ ಹನಿ ಬೀಳುವುದು ಅವಳ ಮುಖಕ್ಕೆ. ಸಂಜೆ ಗಂಡನ ಒದ್ದೆ ಅಂಗಿ, ಲುಂಗಿ ಒಗೆಯುವವಳೂ ಅವಳೇ. ಇಷ್ಟಾದರೂ ಲೆಕ್ಕದಲ್ಲಿ ಅವಳು ಔಷಧಿ ಹೊಡೆದವಳಲ್ಲ.

ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ ರೈತರ ಹೆಂಡತಿಯರನ್ನು ಇದೇ ಪ್ರಶ್ನೆ ಕೇಳಿದ್ದಾರೆ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಇತ್ತು. ಬಸುರಿಯ ಮೊದಲ ಮೂರು ತಿಂಗಳಲ್ಲಿ ಹೊಲದ ಔಷಧಿ ಕಲಸಿದವರಲ್ಲಿ, ಹೊಡೆದವರಲ್ಲಿ, ಪಂಪು ರಿಪೇರಿ ಮಾಡಿದವರಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಯ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಮೇಲೆ ಕಂಡಿತು. ಮನೆಯೊಳಗೆ, ಹೂದೋಟದಲ್ಲಿ ಬಳಸಿದವರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಅಂದರೆ ವ್ಯತ್ಯಾಸ ಕಂಡದ್ದು ಹೊಲದ ಕೆಲಸದಲ್ಲಿ. ಕಾಯಿಲೆ ಇತ್ತೋ ಇಲ್ಲವೋ ಎಂಬುದನ್ನು ಆ ಹೆಂಗಸರೇ ನೆನಪಿನಿಂದ ಹೇಳಿದ್ದು, ಅಧ್ಯಯನದ ಮಿತಿ ಅದು. ಆದರೂ ಸಂಬಂಧ ಕಂಡ ಔಷಧಿಗಳ ಪಟ್ಟಿ ಓದಿದರೆ ಪರಿಚಯದ ಹೆಸರುಗಳು ಎದುರಾಗುತ್ತವೆ: ಅಟ್ರಾಜಿನ್, ಫೋರೇಟ್, ಕಾರ್ಬೊಫ್ಯೂರಾನ್. ಫೋರೇಟ್ ಹರಳಿನ ಗಬ್ಬುವಾಸನೆ ಗೊತ್ತಿಲ್ಲದ ರೈತ ನಮ್ಮಲ್ಲಿ ಕಡಿಮೆ. 2020ರ ಡಿಸೆಂಬರ್ 31ಕ್ಕೆ ಅದು ದೇಶದಲ್ಲಿ ನಿಷೇಧವಾಯಿತು. ಅದೇ ವರ್ಷ ಕೇಂದ್ರ ಸರ್ಕಾರ ಇನ್ನೂ 27 ಔಷಧಿಗಳ ನಿಷೇಧಕ್ಕೆ ಕರಡು ಹೊರಡಿಸಿತು, ಅದರಲ್ಲಿ ಅಟ್ರಾಜಿನ್ ಇತ್ತು. 2023ರ ಅಂತಿಮ ಆದೇಶದಲ್ಲಿ ನಿಷೇಧದಿಂದ ಅದು ಪಾರಾಯಿತು. ಅಂತರ್ಜಲಕ್ಕೆ ಇಳಿಯುತ್ತದೆ ಎಂಬ ಕಾರಣಕ್ಕೆ ಯುರೋಪ್ ಒಕ್ಕೂಟ ಇಪ್ಪತ್ತು ವರ್ಷಗಳ ಹಿಂದೆಯೇ ಕೈಬಿಟ್ಟ ಔಷಧಿ ಅದು.

ಅಮೆರಿಕದ ಆ ಅಧ್ಯಯನದ ಪಟ್ಟಿಯಲ್ಲಿ 2,4,5-ಟಿ ಎಂಬ ಹಳೆಯ ಕಳೆನಾಶಕವೂ ಇದೆ. ಅದನ್ನು ತಯಾರಿಸುವಾಗ ಡಯಾಕ್ಸಿನ್ ಎಂಬ ವಿಷ ಬೆರೆತುಕೊಳ್ಳುತ್ತಿತ್ತು. ವಿಯೆಟ್ನಾಂ ಕಾಡುಗಳ ಮೇಲೆ ಅಮೆರಿಕ ಸುರಿದ ಏಜೆಂಟ್ ಆರೆಂಜ್‌ನಲ್ಲಿ ಇದ್ದದ್ದೂ ಇದೇ. ಅಲ್ಲಿಗೆ ಹೋಗಿ ಬಂದ ಸೈನಿಕರಿಗೆ ಸಕ್ಕರೆ ಕಾಯಿಲೆ ಬಂದರೆ ಪರಿಹಾರ ಕೊಡಬೇಕೆಂದು 2001ರಲ್ಲಿ ಅಮೆರಿಕ ಸರ್ಕಾರವೇ ಒಪ್ಪಿಕೊಂಡಿತು. ಡಯಾಕ್ಸಿನ್, ಡಿಡಿಟಿ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ, ಇವೆಲ್ಲ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತವೆ. ಮೈ ಸೇರಿದ ಡಯಾಕ್ಸಿನ್ನಿನ ಅರ್ಧ ಭಾಗ ಹೊರಹೋಗಲು ಸುಮಾರು ಏಳು ವರ್ಷ ಬೇಕು. ಹೊಲದಲ್ಲಿ ಡಿಡಿಟಿ ಬಳಕೆ 1989ರಲ್ಲಿ ನಿಂತರೂ ಅದರ ಅಂಶ ಮಣ್ಣಿನಲ್ಲಿ, ಹಾಲಿನಲ್ಲಿ, ನಮ್ಮ ರಕ್ತದಲ್ಲಿ ಉಳಿದದ್ದು ಇದೇ ಕಾರಣಕ್ಕೆ. ದಕ್ಷಿಣ ಕೊರಿಯಾದ ವಿಜ್ಞಾನಿ ಡುಕ್-ಹೀ ಲೀ ಮತ್ತು ಸಂಗಡಿಗರು 2,016 ಅಮೆರಿಕನ್ನರ ರಕ್ತದ ಮಾಹಿತಿ ಪರಿಶೀಲಿಸಿ 2006ರಲ್ಲಿ ವರದಿ ಮಾಡಿದ್ದು ಹೀಗೆ: ಇಂಥ ಆರು ರಾಸಾಯನಿಕಗಳ ಪ್ರಮಾಣ ಏರಿದಂತೆಲ್ಲ ಸಕ್ಕರೆ ಕಾಯಿಲೆಯೂ ಏರುತ್ತ ಹೋಗಿತ್ತು.

ಬಸುರಿಯಲ್ಲಿ ಇದು ಯಾಕೆ ಹೆಚ್ಚು ಮುಖ್ಯ? ಮಾಸು ಸ್ರವಿಸುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಕೂಸಿಗೆ ಸಾಕಷ್ಟು ಸಕ್ಕರೆ ಮುಟ್ಟಲಿ ಎಂಬ ಏರ್ಪಾಡು ಅದು. ಮೇದೋಜೀರಕ ಗ್ರಂಥಿ ಹೆಚ್ಚುವರಿ ಇನ್ಸುಲಿನ್ ಸುರಿಸಿ ಸರಿದೂಗಿಸಬೇಕು. ಡಯಾಕ್ಸಿನ್ನಿನಂಥ ವಿಷಗಳು ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೇ ಕುಗ್ಗಿಸುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಎತ್ತು ಮೊದಲೇ ಸೊರಗಿದ್ದರೆ ಏರು ದಾರಿಯಲ್ಲಿ ಗಾಡಿ ನಿಲ್ಲುತ್ತದೆ.

ಬಸುರಿಯ ಸಕ್ಕರೆಯ ಪರಿಣಾಮ ಹೆರಿಗೆಗೆ ಮುಗಿಯುವುದಿಲ್ಲ. 1997–98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಗೆ ಈ ಕಾಯಿಲೆ ಇತ್ತು. ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕಾಗಲೇ ಮೈಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿದ್ದವು. ನಾಳೆ ಬಸುರಿಯಾಗುವವರು ಆ ಹುಡುಗಿಯರೇ.

ನಾವು ಹೇಳದಿರುವುದನ್ನೂ ಸ್ಪಷ್ಟ ಮಾಡಿಬಿಡುತ್ತೇವೆ. ನಿಮಗೆ ಬಂದ ಸಕ್ಕರೆ ಔಷಧಿಯಿಂದಲೇ ಬಂತು ಎಂದು ಈ ಕರಪತ್ರ ಹೇಳುತ್ತಿಲ್ಲ. ಒಬ್ಬೊಬ್ಬರ ಮಟ್ಟದಲ್ಲಿ ಹಾಗೆ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಸಾಕ್ಷ್ಯ ಎಲ್ಲ ಕಡೆ ಒಂದೇ ಸಮನಾಗಿಯೂ ಇಲ್ಲ. ಅಂಟದ ತವಾ, ನೀರು ಹಿಡಿಯದ ಬಟ್ಟೆಗಳ ತಯಾರಿಕೆಯಲ್ಲಿ ಬಳಸಿದ ಪಿಎಫ್‌ಒಎ ಎಂಬ ರಾಸಾಯನಿಕವನ್ನೇ ನೋಡಿ. ಮಿಷಿಗನ್ ಮತ್ತು ಟೆಕ್ಸಾಸ್‌ನ ಹೆಂಗಸರಲ್ಲಿ ಗರ್ಭ ನಿಲ್ಲುವ ಮೊದಲೇ ರಕ್ತ ತೆಗೆದು ನೋಡಿದಾಗ, ಅದು ಹೆಚ್ಚಿದ್ದವರಿಗೆ ಮುಂದೆ ಗರ್ಭಾವಸ್ಥೆಯ ಸಕ್ಕರೆ ಬರುವ ಸಂಭವ ಹೆಚ್ಚಿತ್ತು. ಆದರೆ ವೆಸ್ಟ್ ವರ್ಜೀನಿಯಾದಲ್ಲಿ ಕಾರ್ಖಾನೆಯಿಂದ ಅದೇ ರಾಸಾಯನಿಕ ಕುಡಿಯುವ ನೀರಿಗೆ ಸೇರಿದ ಪ್ರದೇಶದ ಸುಮಾರು 69,000 ಜನರನ್ನು ಪರಿಶೀಲಿಸಿದ ತಜ್ಞರ ಸಮಿತಿ, ಸಾಮಾನ್ಯ ಸಕ್ಕರೆ ಕಾಯಿಲೆಗೂ ಅದಕ್ಕೂ ನಂಟು ಇದೆ ಎನ್ನಲಿಲ್ಲ. ಹಾಗಾದರೆ ಸುಮ್ಮನಿರೋಣವೇ? ಅನುಮಾನವಿದ್ದ ಕಡೆ ಲೆಕ್ಕ ಇಡುವುದೇ ಬೇಡ ಎನ್ನುವುದು ಯಾವ ಜಾಣತನ?

ಲೆಕ್ಕ ಇಡದಿದ್ದರೆ ಏನಾಗುತ್ತದೆಂದು ಕರಾವಳಿಯವರನ್ನು ಕೇಳಿ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತ, ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿಯದು ಸಕ್ಕರೆಯ ಕಥೆಯಲ್ಲ, ಅಂಗವಿಕಲ ಮಕ್ಕಳ ಕಥೆ. ಸಿಂಪರಣೆ 2000ದ ಹೊತ್ತಿಗೆ ನಿಂತಿತು, ಸುಪ್ರೀಂ ಕೋರ್ಟ್ ದೇಶದಲ್ಲೇ ತಡೆದದ್ದು 2011ರಲ್ಲಿ. ಅಷ್ಟೂ ವರ್ಷ ಆ ತಾಯಂದಿರು ಕೇಳಿಸಿಕೊಂಡ ಮಾತು ಒಂದೇ: ಔಷಧಿಯಿಂದಲೇ ಆಯಿತು ಎನ್ನಲು ಪುರಾವೆ ಏನಿದೆ? ಯಾವ ಬಸುರಿ ಯಾವ ತಿಂಗಳಲ್ಲಿ ಆ ಹನಿಯ ಕೆಳಗಿದ್ದಳು ಎಂದು ಬರೆದಿಟ್ಟವರಿದ್ದರೆ ತಾನೇ ಪುರಾವೆ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಸಣ್ಣದು, ಖರ್ಚಿಲ್ಲದ್ದು. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ರಕ್ತದ ಪ್ರಮಾಣ, ಸಕ್ಕರೆ ಬರೆಯುತ್ತಾರೆ. ಔಷಧಿ ಕೆಲಸದ ಬಗ್ಗೆ ನಾವು ನೋಡಿದ ಯಾವ ಕಾರ್ಡಿನಲ್ಲೂ ಒಂದು ಗೆರೆ ಇಲ್ಲ. ಅದು ಸೇರಬೇಕು. ಆಶಾ ಅಕ್ಕ ಮೊದಲ ಸಲ ಮನೆಗೆ ಬಂದಾಗಲೇ ಅದನ್ನು ಕೇಳಬೇಕು. ಜೊತೆಗೆ ಗೋವಿನಜೋಳ ಬೆಳೆಯುವ ತಾಲ್ಲೂಕುಗಳ ಬೋರ್‌ವೆಲ್ ನೀರಿನಲ್ಲಿ ಅಟ್ರಾಜಿನ್ ಎಷ್ಟಿದೆ ಎಂದು ಸರ್ಕಾರ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಅದಕ್ಕೆ ಲೀಟರಿಗೆ 2 ಮೈಕ್ರೊಗ್ರಾಂ ಎಂದು ಮಿತಿ ಹಾಕಿದೆ. ಪಂಚಾಯಿತಿಯ ನೀರು ಪರೀಕ್ಷೆಯ ಕಿಟ್ಟಿನಲ್ಲಿ ಫ್ಲೋರೈಡ್, ನೈಟ್ರೇಟ್ ತಿಳಿಯುತ್ತದೆ, ಇದು ತಿಳಿಯುವುದಿಲ್ಲ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲದ ಮಾತುಗಳೂ ಇವೆ. ಅಯೋವಾದ ಲೆಕ್ಕ ಮೊದಲ ಮೂರು ತಿಂಗಳದ್ದು. ನಮ್ಮಲ್ಲಿ ಮೂರು ತಿಂಗಳು ತುಂಬುವ ತನಕ ಬಸುರಿ ಎಂದು ಹೊರಗೆ ಹೇಳುವುದೇ ಇಲ್ಲ, ದೃಷ್ಟಿಯಾದೀತೆಂಬ ಹೆದರಿಕೆ. ಆ ಮೂರು ತಿಂಗಳೂ ಅವಳು ಡ್ರಮ್ಮಿನ ಹತ್ತಿರವೇ ಇರುತ್ತಾಳೆ. ಊರಿಗೆಲ್ಲ ಸಾರಬೇಡಿ, ಆದರೆ ಮುಟ್ಟು ನಿಂತ ವಾರದಿಂದಲೇ ಆ ಕೆಲಸ ಬಿಡಿಸಿ. ಹೊಲದ ಯಜಮಾನರೇ, ಅವಳಿಗೆ ಕೂಲಿ ಕಡಿಮೆ ಮಾಡದೆ ಬೇರೆ ಕೆಲಸ ಕೊಡಿ. ಅತ್ತೆಯರೇ, ಆ ದಿನಗಳಲ್ಲಿ ಔಷಧಿ ಹೊಡೆದ ಬಟ್ಟೆಯನ್ನು ಹೊಡೆದವನೇ ಬೇರೆ ಬಕೆಟ್ಟಿನಲ್ಲಿ ಒಗೆದುಕೊಳ್ಳಲಿ. ಔಷಧಿ ಕ್ಯಾನು ಎಷ್ಟು ತೊಳೆದರೂ ನೀರಿಗೆ, ಎಣ್ಣೆಗೆ ಬೇಡ. ಬಚ್ಚಲ ಹಂಡೆಯ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೀಲ, ಪೈಪಿನ ತುಂಡು ಹಾಕುವ ಅಭ್ಯಾಸ ಬಿಡಿ. ಪಿವಿಸಿ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಹುಟ್ಟುತ್ತದೆ, ಆ ಒಲೆಯ ಬಾಯಲ್ಲಿ ಕೂತು ಊದುವವಳೂ ಮನೆಯ ಹೆಣ್ಣೇ.

ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ. 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ, 140 ಅಥವಾ ಅದಕ್ಕಿಂತ ಮೇಲಿದ್ದರೆ ಚಿಕಿತ್ಸೆ ಬೇಕು. ಹೆಸರು ಬರೆಸಿದಾಗ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ಮೊದಲನೆಯದು ಸರಿ ಬಂತೆಂದು ಎರಡನೆಯದನ್ನು ಬಿಡಬೇಡಿ. ಇನ್ನೊಂದು ಮಾತು, ಇದನ್ನೆಲ್ಲ ಓದಿ ಹೆದರಿ ಎದೆಹಾಲು ಬಿಡಿಸಬೇಡಿ. ಈ ವಿಷಗಳು ಹಾಲಿನಲ್ಲಿ ಸ್ವಲ್ಪ ಹೋಗುವುದು ನಿಜ. ಆದರೂ ಮಗುವಿಗೆ ಅದಕ್ಕಿಂತ ಒಳ್ಳೆಯ ಆಹಾರವಿಲ್ಲ, ಹಾಲೂಡಿಸಿದ ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಕಡಿಮೆ.

ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಠರಾವಾಗಿ ಬರೆಸಿ, ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಡಿಗೆ ಸೇರಬೇಕಾದ ಪ್ರಶ್ನೆ ಇದು: "ಮುಟ್ಟು ನಿಂತ ಮೇಲೆ ನೀವು ಬೆಳೆಗೆ ಹೊಡೆಯುವ ಔಷಧಿಯನ್ನು ಕಲಸಿದ್ದೀರಾ, ಹೊತ್ತಿದ್ದೀರಾ, ಹೊಡೆದಿದ್ದೀರಾ, ಆ ಬಟ್ಟೆ ಒಗೆದಿದ್ದೀರಾ? ಯಾವ ಔಷಧಿ, ಯಾವ ತಿಂಗಳು?"