ಪಂಚನಾಮೆ ಮಳೆಗಿಂತ ಮೊದಲು ಆಗಲಿ

ಗದಗ ಜಿಲ್ಲಾಧಿಕಾರಿಗಳಿಗೆ ಹುಲಕೋಟಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,



ನಮ್ಮೂರಲ್ಲಿ ಮನೆ ಬಿದ್ದರೆ ಸರ್ಕಾರ ಬರುತ್ತದೆ. ತಲಾಠಿಯವರು ಬರುತ್ತಾರೆ, ಪಿಡಿಓ ಬರುತ್ತಾರೆ, ಎಂಜಿನಿಯರ್ ಬರುತ್ತಾರೆ. ಬಿದ್ದ ಗೋಡೆಯ ಮುಂದೆ ಮನೆಯವರನ್ನು ನಿಲ್ಲಿಸಿ ಫೋಟೊ ತೆಗೆದು, ಎಷ್ಟು ಹಾಳಾಗಿದೆಯೆಂದು ಅಳೆದು ಪಂಚನಾಮೆ ಬರೆಯುತ್ತಾರೆ. 2019ರ ನೆರೆಯ ನಂತರ ನೂರಕ್ಕೆ 75 ಪಾಲಿಗಿಂತ ಹೆಚ್ಚು ಬಿದ್ದಿದ್ದರೆ ಎ, 25ರಿಂದ 75 ಆದರೆ ಬಿ, 15ರಿಂದ 25 ಆದರೆ ಸಿ ಎಂದು ವಿಂಗಡಿಸಿದ್ದರು. ಆಗ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಆ ದುಡ್ಡಿನಿಂದ ಎಷ್ಟೋ ಕುಟುಂಬಗಳು ಮತ್ತೆ ಸೂರು ಕಂಡವು. ಅದನ್ನು ಮರೆಯುವ ಜನ ನಾವಲ್ಲ. ನನ್ನ ಬೇಡಿಕೆ ಇಷ್ಟೇ: ಆ ಮೂವರೂ ಅದೇ ಟೇಪು, ಅದೇ ವಹಿ ಹಿಡಿದುಕೊಂಡು ಗೋಡೆ ಬೀಳುವ ಮೊದಲೇ ಒಮ್ಮೆ ಬರಲಿ. ಬಸವ ಜಯಂತಿಗೂ ಮಿರಗದ ಮಳೆಗೂ ನಡುವೆ ಹೆಚ್ಚುಕಡಿಮೆ ಒಂದು ತಿಂಗಳು ಸಿಗುತ್ತದೆ. ಹೊಲ ಹದ ಮಾಡುವ ಆ ತಿಂಗಳಲ್ಲೇ ಮನೆಯನ್ನೂ ಹದ ಮಾಡಿಕೊಳ್ಳಬಹುದು.

ಇದನ್ನು ತಮಗೇ ಬರೆಯಲು ಕಾರಣವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಜಿಲ್ಲೆಯ ಯೋಜನೆ ತಮ್ಮ ಕಚೇರಿಯಲ್ಲೇ ಸಿದ್ಧವಾಗುತ್ತದೆ. ಆ ಯೋಜನೆಯ ಕಣ್ಣು ಮೊದಲು ಮಲಪ್ರಭೆಯ ದಂಡೆಗೆ ಹೋಗುವುದು ಸಹಜ. ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೊಣ್ಣೂರು, ಲಖಮಾಪುರ, ಹೊಳೆಆಲೂರಿನ ಜನ ದನಕರು ಹೊಡೆದುಕೊಂಡು ಎತ್ತರದ ಜಾಗ ಹುಡುಕಬೇಕಾಗುತ್ತದೆ. ಬೆಣ್ಣೆಹಳ್ಳದ ನೀರೂ ಸೇರಿದರಂತೂ ಕೇಳುವುದೇ ಬೇಡ. ಅವರಿಗೆ ಮೊದಲ ಗಮನ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ.

ಹುಲಕೋಟಿಯ ಮಗ್ಗುಲಲ್ಲಿ ಹೊಳೆ ಇಲ್ಲ. ಗದಗ ಹತ್ತು ಕಿಲೋಮೀಟರ್ ಆಸುಪಾಸು, ಹುಬ್ಬಳ್ಳಿಯ ಹೆದ್ದಾರಿ ಊರ ಪಕ್ಕದಲ್ಲೇ, ರೈಲು ನಿಲ್ದಾಣವೂ ಇದೆ. ಹಾಗಾಗಿ ನಮಗೇನೂ ಆಗುವುದಿಲ್ಲ ಎಂಬ ಧೈರ್ಯ ನಮ್ಮಲ್ಲೂ ಇದೆ, ಕಚೇರಿಗಳಲ್ಲೂ ಇದೆ. ಆದರೆ ಇಲ್ಲಿ ಆಪತ್ತು ಊರಿಗೆ ಊರೇ ಎದ್ದು ಓಡುವ ಹಾಗೆ ಬರುವುದಿಲ್ಲ. ಒಂದೊಂದು ಮನೆಗೆ ಬರುತ್ತದೆ. ಒಬ್ಬರ ಗೋಡೆ ಕುಸಿಯುತ್ತದೆ. ಇನ್ನೊಬ್ಬರಿಗೆ ರಾತ್ರಿ ಹಾವು ಕಚ್ಚುತ್ತದೆ. ಬೇಸಿಗೆಯಲ್ಲಿ ಕಣಿಕೆಯ ಬಣವೆಗೆ ಬೆಂಕಿ ಬಿದ್ದು ವರ್ಷದ ಮೇವು ಬೂದಿಯಾಗುತ್ತದೆ. ಅಡ್ಡಮಳೆಯಲ್ಲಿ ಬೇವಿನ ಮರದ ಕೆಳಗೆ ನಿಂತವರಿಗೆ ಸಿಡಿಲು ಬಡಿಯುತ್ತದೆ. ಬಿಡಿಬಿಡಿಯಾಗಿ ಬರುವ ಈ ಸಾವುನೋವಿಗೆ ಯಾರೂ ವಿಪತ್ತು ಎಂದು ಹೆಸರಿಡುವುದಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಹೆಚ್ಚು.

2009ರ ಸೆಪ್ಟೆಂಬರ್ ಕೊನೆಯ ವಾರ, ಹಸ್ತಾ ಮಳೆ ಹಿಡಿದ ಆ ದಿನಗಳನ್ನು ಉತ್ತರ ಕರ್ನಾಟಕದವರು ಮರೆತಿಲ್ಲ. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಅನೇಕರ ಜೀವ ತೆಗೆದದ್ದು ಹೊಳೆಯಲ್ಲ, ಅವರು ಮಲಗಿದ್ದ ಮನೆಯ ಗೋಡೆ.

ನಮ್ಮ ಮಣ್ಣಿನ ಮಾಳಿಗೆ ಮನೆಯನ್ನು ತಾವು ಒಳಗೆ ನಿಂತು ನೋಡಬೇಕು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆ-ಸೊಪ್ಪಿನ ಹಾಸು, ಎಲ್ಲದರ ಮೇಲೆ ಮಣ್ಣು. ಬೇಸಿಗೆಯಲ್ಲಿ ಇಷ್ಟು ತಂಪಾದ ಮನೆ ಬೇರೆ ಇಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಏರಿ ಸವಳು ಮಣ್ಣು ಹಾಕಿ, ಬಡಿದು, ನೀರು ದೋಣಿಯ ಕಡೆಗೆ ಹರಿಯುವಂತೆ ವಾಟ ಮಾಡುವುದು ಹಿರಿಯರ ರೂಢಿ. ಅದನ್ನು ಮಾಡುವ ಕೈಗಳು ಈಗ ಕಡಿಮೆ. ಮಾಡುವವರೂ ಹಳೆಯ ಪದರ ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಸುರಿಯುತ್ತಾರೆ. ಹೀಗೆ ವರ್ಷ ವರ್ಷ ಮಾಳಿಗೆಯ ಭಾರ ಏರುತ್ತದೆ, ಜಂತಿ ಬಾಗುತ್ತದೆ. ಮೂರು ದಿನ ಜಿಟಿಜಿಟಿ ಹಿಡಿದರೆ ಆ ಮಣ್ಣು ನೀರು ಕುಡಿದು ಇನ್ನಷ್ಟು ತೂಗುತ್ತದೆ. ಕೆಳಗೆ ಎರೆಭೂಮಿ; ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ನೆಲ. ತಳಪಾಯ ಅಲುಗಿ ಗೋಡೆ ಮೂಲೆಯಲ್ಲಿ ಸೀಳುತ್ತದೆ. ಮಳೆ ನಿಂತಿತು, ಇನ್ನು ಭಯವಿಲ್ಲ ಎಂದು ಒಳಗೆ ಹೋಗಿ ಮಲಗುತ್ತಾರೆ. ಗೋಡೆ ಬೀಳುವುದು ಎಷ್ಟೋ ಸಲ ಆಗಲೇ, ಏಕೆಂದರೆ ಬುಡಕ್ಕೆ ಇಳಿದ ನೀರು ಅಷ್ಟು ಬೇಗ ಆರುವುದಿಲ್ಲ.

ಈ ಗುರುತುಗಳೆಲ್ಲ ಮೇ ತಿಂಗಳಲ್ಲೇ ಕಣ್ಣಿಗೆ ಕಾಣುತ್ತವೆ. ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು, ಹೊಟ್ಟೆ ಬಂದ ಗೋಡೆ, ಗೆದ್ದಲು ತಿಂದ ಜಂತಿಯಿಂದ ಉದುರುವ ಹುಡಿ, ಕಸ ಕಟ್ಟಿದ ದೋಣಿ. ಒಬ್ಬ ಎಂಜಿನಿಯರ್, ಒಬ್ಬ ಅನುಭವಸ್ಥ ಗೌಂಡಿ ಓಣಿ ಓಣಿ ತಿರುಗಿದರೆ ಯಾವ ಮನೆಯಲ್ಲಿ ಈ ಮಳೆಗಾಲ ಮಲಗಬಾರದು, ಯಾವ ಮನೆಯಲ್ಲಿ ಯಾವ ಗೋಡೆಯಿಂದ ಹಾಸಿಗೆ ದೂರ ಹಾಕಬೇಕು ಎಂದು ಹೇಳಬಲ್ಲರು. ಅಷ್ಟು ಹೇಳಿದರೂ ಜೀವ ಉಳಿಯುತ್ತದೆ. ಮೇಲಿಂದ ಒಂದು ತಾಡಪತ್ರಿ ಕೊಟ್ಟರೆ ಮನೆಯೂ ಉಳಿದೀತು. ಕೃಷಿ ಇಲಾಖೆ ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿ ದರದ ತಾಡಪತ್ರಿ ಕೊಡುತ್ತದೆ, ಆದರೆ ಅದು ರಾಶಿಗೆ, ಹೊಲ ಇದ್ದವರಿಗೆ. ಹೊಲವಿಲ್ಲದ ಕೂಲಿಯವರ ಮನೆಯೇ ಊರಲ್ಲಿ ಎಲ್ಲಕ್ಕಿಂತ ಸಡಿಲ. ಹೊಲದ ಉತಾರ ಕೇಳದೆ ಅವರಿಗೂ ತಾಡಪತ್ರಿ ಸಿಗುವ ದಾರಿಯನ್ನು ತಾವು ಮಾಡಿಕೊಡಬೇಕು.

ಕಾಗದದ ಮಾತು ಬಂತು, ಹೇಳಿಬಿಡುತ್ತೇನೆ. ಪರಿಹಾರಕ್ಕೆ ಅರ್ಜಿ ಹಾಕುವಾಗ ಮನೆ ಯಾರ ಹೆಸರಲ್ಲಿದೆ ಎಂಬಲ್ಲಿ ಬಡವರ ಕೆಲಸ ನಿಲ್ಲುತ್ತದೆ. ತೀರಿಹೋದ ಅಜ್ಜನ ಹೆಸರು, ಪಾಲಾಗದ ಮನೆ, ಇ-ಸ್ವತ್ತು ಆಗಿಲ್ಲ. ಬಿದ್ದ ಮನೆಯ ಮುಂದೆ ನಿಂತು ಅಣ್ಣತಮ್ಮಂದಿರ ಸಹಿ ಕೂಡಿಸುವುದು ಎಂಥ ಕಷ್ಟವೆಂದು ಬಲ್ಲವರೇ ಬಲ್ಲರು. ಮಳೆಗೆ ಮೊದಲಿನ ಆ ಭೇಟಿಯಲ್ಲೇ ದಾಖಲೆಯನ್ನೂ ನೋಡಿ, ಕೊರತೆ ಇದ್ದರೆ ಅಲ್ಲೇ ಅರ್ಜಿ ತೆಗೆದುಕೊಂಡರೆ ಮುಂದಿನ ಅಲೆದಾಟ ತಪ್ಪುತ್ತದೆ. ಮನೆಯವರ ಪಾಲಿನ ಕೆಲಸವೂ ಇದೆ. ಉತಾರ, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಮಕ್ಕಳ ಮಾರ್ಕ್ಸ್‌ಕಾರ್ಡು ಎಲ್ಲವನ್ನೂ ಟ್ರಂಕಿನ ತಳದಿಂದ ತೆಗೆದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಾಗಿಲ ಹತ್ತಿರದ ಗೂಟಕ್ಕೆ ತೂಗುಹಾಕಬೇಕು. ಅದರ ಜೊತೆ ಒಂದು ಬ್ಯಾಟರಿ, ಬಿಪಿ-ಸಕ್ಕರೆ ಕಾಯಿಲೆಯವರ ಒಂದು ವಾರದ ಗುಳಿಗೆ, ಸ್ವಲ್ಪ ಚಿಲ್ಲರೆ ದುಡ್ಡು. ಇದಕ್ಕೆ ಯಾವ ಯೋಜನೆಯೂ ಬೇಡ, ಹೇಳುವವರು ಬೇಕು. ನಮ್ಮ ಓಣಿಯಲ್ಲಿ ಕೆಲವರ ಮನೆಗೆ ಹೋಗಿ ನಾನೇ ಹೇಳಿದ್ದೇನೆ. ಒಬ್ಬ ಅಜ್ಜಿ, "ಅಪಶಕುನ ಯಾಕ ನುಡೀತಿ ತಮ್ಮಾ, ಮಳಿ ಬಂದಾಗ ನೋಡೂಣು" ಅಂದರು. ಅದೇ ಮಾತನ್ನು ಆಶಾ ಕಾರ್ಯಕರ್ತೆಯೋ ಸ್ತ್ರೀಶಕ್ತಿ ಸಂಘದವರೋ ಹೇಳಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ಹಾಗೆ ನೋಡಿದರೆ ಮುಂಗಡ ತಯಾರಿ ಈ ನಾಡಿಗೆ ಹೊಸದಲ್ಲ. ನಮ್ಮ ಕಡೆ ಓಣಿ ಓಣಿಗೆ ಹಗೇವು ಇದ್ದವು. ನೆಲ ಅಗೆದು, ಒಳಗೆಲ್ಲ ಹುಲ್ಲು ಹೊಂದಿಸಿ, ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಬರ ಬಂದ ವರ್ಷ ತೆಗೆಯುವ ಕಾಳು ಅದು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ದೀಪ ಇಳಿಸಿ, ಅದು ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಕಾಳು ಕೂಡಿಡುವುದಷ್ಟೇ ಅಲ್ಲ, ಅದನ್ನು ತೆಗೆಯುವಾಗಿನ ಅಪಾಯಕ್ಕೂ ಒಂದು ಪದ್ಧತಿ ಇತ್ತು. ಈಚೆಗೆ ನರಗುಂದದ ಓಣಿಗಳಲ್ಲಿ ನೆಲ ಕುಸಿದಾಗ ಮರೆತುಹೋದ ಹಗೇವುಗಳ ಸುದ್ದಿ ಮತ್ತೆ ಎದ್ದಿತು. ಹೊಸ ಮನೆ ಕಟ್ಟುವವರಿಗೆ ಕೆಳಗೆ ಹಗೇವು ಇದೆಯೇ ಎಂದು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಿರುವಾಗಲೇ ಕೇಳಿ ಊರ ನಕ್ಷೆಯಲ್ಲಿ ಗುರುತು ಹಾಕಿಸಿದರೆ ದೊಡ್ಡ ಉಪಕಾರ.

ಸರ್ಕಾರವೂ ಈ ಪಾಠವನ್ನು ಒಮ್ಮೆ ಕಲಿತಿತ್ತು. 1876–78ರ ಭೀಕರ ಬರದಲ್ಲಿ ಜನ ಸತ್ತ ಮೇಲೆ ಕ್ಷಾಮ ಆಯೋಗ ಬಂತು, ಕ್ಷಾಮ ಸಂಹಿತೆ ಬಂತು. ಹಸಿದ ಸೀಮೆಗೆ ಕಾಳು ಮುಟ್ಟಿಸಲೆಂದು ಹೊಟಗಿಯಿಂದ ಗದುಗಿನವರೆಗೆ ರೈಲು ಹಳಿ ಬಿತ್ತು. 1884ರಲ್ಲಿ ಆ ಮಾರ್ಗ ತೆರೆಯಿತು. ಬರ ಬಂದ ಮೇಲೆ ಎದ್ದರೆ ಸಾಲದು ಎಂದು ಪರಕೀಯ ಸರ್ಕಾರಕ್ಕೂ ಅನಿಸಿತ್ತು.

ಹಾವಿನ ವಿಷಯ ಸ್ವಲ್ಪ ಬಿಡಿಸಿ ಬರೆಯಬೇಕು. ಮಳೆಗಾಲದಲ್ಲಿ ಇಲಿಯ ಹಿಂದೆ ಹಾವು ಮನೆಯೊಳಗೆ ಬರುತ್ತದೆ. ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಗಾಯವೇ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅನ್ನುತ್ತಾರೆ, ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ. ಮನೆಯವರು ಅಜೀರ್ಣ ಅಂದುಕೊಳ್ಳುತ್ತಾರೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು ಎಂಬುದು ಇನ್ನೂ ಮನೆಮನೆಗೆ ಮುಟ್ಟಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ್ದು ಒಳ್ಳೆಯ ಕೆಲಸ. ಆದರೆ ರಾತ್ರಿ ಎರಡು ಗಂಟೆಗೆ ಮನೆಯವರಿಗೆ ಬೇಕಾದದ್ದು ಒಂದೇ ಉತ್ತರ: ವಿಷ ಇಳಿಸುವ ಇಂಜೆಕ್ಷನ್ ಈಗ ಎಲ್ಲಿದೆ? ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವ ಹೊತ್ತಿನಲ್ಲಿ ಉಸಿರು ನಿಲ್ಲುತ್ತದೆ. ಆ ಔಷಧ ಸದಾ ಇರುವ ಹತ್ತಿರದ ಆಸ್ಪತ್ರೆಯ ಹೆಸರನ್ನು ಪಂಚಾಯಿತಿ ಗೋಡೆಯ ಮೇಲೆ 108 ಮತ್ತು 112ರ ಜೊತೆಗೆ ದೊಡ್ಡ ಅಕ್ಷರದಲ್ಲಿ ಬರೆಸಿ. ದಾಸ್ತಾನು ಮುಗಿದರೆ ಅದೇ ದಿನ ಊರಿಗೆ ತಿಳಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ.

ಸಿಡಿಲಿನ ಮುನ್ಸೂಚನೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 'ಸಿಡಿಲು' ಎಂಬ ಆ್ಯಪ್ ಮಾಡಿದೆ. ಕುರಿ ಕಾಯುವವರ, ಕಳೆ ತೆಗೆಯುವ ಹೆಣ್ಣುಮಕ್ಕಳ ಕೈಯಲ್ಲಿ ಆ ಆ್ಯಪ್ ನಡೆಯುವ ಫೋನು ಇರುವುದು ಅಪರೂಪ. ಗುಡಿಯ ಮೈಕು, ಮಸೀದಿಯ ಮೈಕು ಎರಡೂ ಇವೆ. ಮುನ್ಸೂಚನೆ ಬಂದೊಡನೆ ಅವುಗಳಲ್ಲಿ ಕೂಗಿಸುವ ಅಧಿಕಾರವನ್ನು ಪಿಡಿಓ ಅವರಿಗೆ ಬರವಣಿಗೆಯಲ್ಲಿ ಕೊಟ್ಟರೆ ಸಾಕು.

ಹಣ ಎಲ್ಲಿಂದ ಎಂದು ತಾವು ಕೇಳಬಹುದು. ಸಹಕಾರದಿಂದ ಎನ್ನುತ್ತೇನೆ. ದೇಶಕ್ಕೆ ಮೊದಲ ಕೃಷಿ ಸಹಕಾರಿ ಸಂಘ ಕೊಟ್ಟದ್ದು ನಮ್ಮ ತಾಲ್ಲೂಕಿನ ಕಣಗಿನಹಾಳ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ. ಸಹಕಾರಿ ಧುರೀಣ ಕೆ.ಎಚ್. ಪಾಟೀಲರ ಕಾಲದಿಂದ ಹುಲಕೋಟಿಯಲ್ಲೂ ಸಹಕಾರ ಬದುಕಿನ ರೂಢಿಯಾಗಿದೆ. ಬೀಜ-ಗೊಬ್ಬರಕ್ಕೆ ಸಾಲ ಕೊಡುವ ಸೊಸಾಯಿಟಿ ಮೇ ತಿಂಗಳಲ್ಲಿ ಮಾಳಿಗೆಯ ರಿಪೇರಿಗೂ ಕೈಗಡದಷ್ಟು ಸಾಲ ಕೊಡಬಾರದೇಕೆ? ಬಡ್ಡಿಯ ಪಾಲನ್ನು ಸರ್ಕಾರ ಹೊತ್ತರೆ, ಬಿದ್ದ ಮನೆ ಕಟ್ಟಿಸಿಕೊಡುವ ಖರ್ಚಿನ ಒಂದು ಚೂರಿನಲ್ಲಿ ನಿಂತ ಮನೆ ಗಟ್ಟಿಯಾಗುತ್ತದೆ.

ಈ ವರ್ಷ ಹುಲಕೋಟಿಯಿಂದಲೇ ಆರಂಭಿಸಿ ನೋಡಿ. ನೆಟ್ಟಗಾದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಿಗೂ ಒಯ್ಯಬಹುದು. ಗ್ರಾಮಸಭೆ ಕರೆಯಲು ಪಂಚಾಯಿತಿಗೆ ಒಂದು ಆದೇಶ ಕಳಿಸಿ. ಮಳೆಗೆ ಮೊದಲೇ ಅಳೆಯಬೇಕಾದ ಮನೆಗಳ ಪಟ್ಟಿಯನ್ನು, ಎದ್ದು ಓಡಲಾಗದ ಮುದುಕರು, ಬಸುರಿಯರು, ಅಂಗವಿಕಲರು ಇರುವ ಮನೆಗಳಿಂದ ಮೊದಲು ಮಾಡಿ, ಓಣಿವಾರು ನಾವು ಬರೆದುಕೊಡುತ್ತೇವೆ. ಎಂಜಿನಿಯರ್ ಬರುವ ದಿನ ಗೌಂಡಿಯನ್ನೂ ಏಣಿಯನ್ನೂ ನಾವೇ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಹುಲಕೋಟಿಯ ಒಬ್ಬ ನಿವಾಸಿ