ಪಠ್ಯ ಅಳಿಸಿಹೋಯಿತು, ಗೈಡ್ ಉಳಿಯಿತು

'ಗೈಡ್' ಎಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಗಳಿಗೆ ಪರೀಕ್ಷೆ ನೆನಪಾಗುತ್ತದೆ. ಪಠ್ಯಪುಸ್ತಕವನ್ನು ಪೂರ್ತಿ ಓದದೆ ಪಾಸಾಗುವ ಅಡ್ಡದಾರಿ ಎಂದು ಮೇಷ್ಟ್ರುಗಳು ಅದನ್ನು ಹಳಿಯುತ್ತಾರೆ. ತಂದೆತಾಯಿಗಳು ಹಳಿಯುತ್ತಲೇ ಅಂಗಡಿಯಿಂದ ಒಂದು ಪ್ರತಿ ತಂದೂ ಕೊಡುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ ಬೇರೆಯೇ ಜಾತಿಯ ಗೈಡೊಂದು ಬೆಳೆದು ಬಂತು. ಅದನ್ನು ಬರೆದವರ ಉದ್ದೇಶ ಪಠ್ಯದಿಂದ ತಪ್ಪಿಸಿಕೊಳ್ಳುವುದಾಗಿರಲಿಲ್ಲ. ಅವರ ಕೈಯಲ್ಲಿ ಪಠ್ಯವೇ ಇರಲಿಲ್ಲ! ಅದನ್ನು ಜೋಪಾನ ಮಾಡಬೇಕಾಗಿದ್ದ ಸಂಸ್ಥೆಯೇ ಅಳಿಸಿಹಾಕಿತ್ತು.

ಆ 'ಪಠ್ಯ' ಒಂದು ಟಿ.ವಿ. ಧಾರಾವಾಹಿ. ಹೆಸರು 'ಡಾಕ್ಟರ್ ಹೂ'.

ಕಥೆಯೊಳಗೊಬ್ಬ ವಿಜ್ಞಾನದ ಮೇಷ್ಟ್ರು

1963ರ ನವೆಂಬರ್ 23, ಶನಿವಾರ ಸಂಜೆ ಬಿಬಿಸಿ ಇದರ ಮೊದಲ ಕಂತನ್ನು ಪ್ರಸಾರ ಮಾಡಿತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಗೀಡಾಗಿದ್ದರು. ಜನರ ಗಮನವೆಲ್ಲ ಅತ್ತಲೇ ಇದ್ದುದರಿಂದ ಮರುವಾರ ಎರಡನೆಯ ಕಂತಿಗೆ ಮುನ್ನ ಮೊದಲನೆಯದನ್ನು ಮತ್ತೊಮ್ಮೆ ತೋರಿಸಬೇಕಾಯಿತು.

ಕಥೆ ಹೀಗೆ: 'ಡಾಕ್ಟರ್' ಎಂದಷ್ಟೇ ಕರೆಸಿಕೊಳ್ಳುವ ನಿಗೂಢ ವೃದ್ಧನೊಬ್ಬನ ಬಳಿ ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುವ ಯಂತ್ರವಿದೆ. ಹೊರಗಿನಿಂದ ಅದು ಪೊಲೀಸರ ಟೆಲಿಫೋನ್ ಪೆಟ್ಟಿಗೆಯಂತೆ ಕಾಣುತ್ತದೆ. ಒಳಗೆ ಹೊಕ್ಕರೆ ದೊಡ್ಡ ಹಜಾರ. ಅವನ ಜೊತೆ ಮೊಮ್ಮಗಳು ಸೂಸನ್. ಅವಳ ಶಾಲೆಯ ವಿಜ್ಞಾನದ ಮೇಷ್ಟ್ರು ಇಯಾನ್ ಚೆಸ್ಟರ್ಟನ್, ಚರಿತ್ರೆಯ ಟೀಚರ್ ಬಾರ್ಬರಾ ರೈಟ್ ಇಬ್ಬರೂ ಆ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತಾರೆ.

ಈ ಇಬ್ಬರು ಉಪಾಧ್ಯಾಯರು ಕಥೆಯಲ್ಲಿ ಆಕಸ್ಮಿಕವಾಗಿ ಬಂದವರಲ್ಲ. ಮಕ್ಕಳಿಗೆ ಮನರಂಜನೆಯ ಜೊತೆಗೆ ಒಂದಿಷ್ಟು ಪಾಠವೂ ಸಿಗಲಿ ಎಂಬುದು ಮೊದಲ ಯೋಜನೆಯಾಗಿತ್ತು. ಗತಕಾಲಕ್ಕೆ ಹೋದಾಗ ಚರಿತ್ರೆ, ಭವಿಷ್ಯಕ್ಕೆ ಹೋದಾಗ ವಿಜ್ಞಾನ. ಆದರೆ ಒಂದೇ ತಿಂಗಳಲ್ಲಿ 'ಡಾಲೆಕ್' ಎಂಬ ಲೋಹಕವಚದ ದುಷ್ಟ ಜೀವಿಗಳು ಪರದೆಗೆ ಬಂದವು. ಮಕ್ಕಳು ಹೆದರಿದರು, ಹೆದರುತ್ತಲೇ ಮೆಚ್ಚಿದರು. ಪಾಠ ಹಿಂದೆ ಸರಿಯಿತು, ಧಾರಾವಾಹಿ ಮನೆಮಾತಾಯಿತು. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ನಿವೃತ್ತರಾದಾಗ ಡಾಕ್ಟರನ ದೇಹವೇ ಬದಲಾಗುವಂತೆ ಕಥೆ ಹೆಣೆದು ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದರು. ಈ ಉಪಾಯದಿಂದಾಗಿ ಧಾರಾವಾಹಿ 1989ರವರೆಗೆ ನಡೆಯಿತು. 2005ರಲ್ಲಿ ಮತ್ತೆ ಆರಂಭವಾಯಿತು.

ಅಳಿಸಿದ್ದು ಏಕೆ?

ಇಷ್ಟು ಜನಪ್ರಿಯವಾದದ್ದನ್ನು ಅಳಿಸಿದ್ದಾದರೂ ಏಕೆ? ಇಲ್ಲಿ ಸ್ವಲ್ಪ ಭೌತವಿಜ್ಞಾನವಿದೆ. ಅಂದಿನ ವಿಡಿಯೊ ಟೇಪು ಎರಡು ಅಂಗುಲ, ಅಂದರೆ ಸುಮಾರು 5 ಸೆಂಟಿಮೀಟರ್ ಅಗಲದ್ದು. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳ ಲೇಪನವಿರುತ್ತಿತ್ತು. ಚಿತ್ರದ ವಿದ್ಯುತ್ ಸಂಕೇತಕ್ಕೆ ತಕ್ಕಂತೆ ಈ ಕಣಗಳ ಕಾಂತತೆ ಬದಲಾಗಿ ಅಲ್ಲಿ ಗುರುತು ಉಳಿಯುತ್ತದೆ. ಪ್ರಬಲವಾದ ಪರ್ಯಾಯ ಕಾಂತಕ್ಷೇತ್ರಕ್ಕೆ ಒಡ್ಡಿದರೆ ಆ ಗುರುತೆಲ್ಲ ಕಲಸಿಹೋಗಿ ಟೇಪು ಮತ್ತೆ ಖಾಲಿಯಾಗುತ್ತದೆ. ಸ್ಲೇಟಿನ ಮೇಲಿನ ಬರಹವನ್ನು ಒರೆಸಿದ ಹಾಗೆ. ಟೇಪು ಬಹಳ ದುಬಾರಿ. ಆದ್ದರಿಂದ ಒರೆಸಿ ಮತ್ತೆ ಬಳಸುವುದು ಲೆಕ್ಕಪತ್ರದ ದೃಷ್ಟಿಯಿಂದ ಸರಿಯಾದ ಕ್ರಮವೇ ಆಗಿತ್ತು.

ಇನ್ನೂ ಎರಡು ಕಾರಣಗಳಿದ್ದವು. ನಟರ ಸಂಘದೊಡನೆ ಆಗಿದ್ದ ಒಪ್ಪಂದ ಮರುಪ್ರಸಾರಗಳಿಗೆ ಮಿತಿ ಹಾಕಿತ್ತು. 1969ರ ನವೆಂಬರಿನಲ್ಲಿ ಬಿಬಿಸಿಯ ಮುಖ್ಯ ವಾಹಿನಿಗೆ ಬಣ್ಣ ಬಂದ ಮೇಲೆ ಕಪ್ಪು ಬಿಳುಪಿನ ಹಳೆಯ ಕಂತುಗಳು ಯಾರಿಗೂ ಬೇಡದ ಸರಕಾದವು. ವಿದೇಶಗಳಿಗೆ ಮಾರಲೆಂದು 16 ಮಿಲಿಮೀಟರ್ ಫಿಲ್ಮಿನಲ್ಲಿ ಪ್ರತಿ ತೆಗೆದಿದ್ದರು. ಕರಾರಿನ ಅವಧಿ ಮುಗಿದೊಡನೆ ಆ ಪ್ರತಿಗಳನ್ನು ಹಿಂತಿರುಗಿಸಬೇಕು, ನಾಶಮಾಡಬೇಕು ಇಲ್ಲವೆ ಮುಂದಿನ ದೇಶಕ್ಕೆ ಕಳುಹಿಸಬೇಕು ಎಂಬ ನಿಯಮವಿತ್ತು. ಬಿಬಿಸಿಯಲ್ಲಿ ಉಳಿದಿದ್ದ ಫಿಲ್ಮುಗಳೂ 1970ರ ದಶಕದಲ್ಲಿ ಕಸಕ್ಕೆ ಹೋದವು. ಈ ವಿನಾಶ ನಿಂತದ್ದು 1978ರ ಹೊತ್ತಿಗೆ. ಮೊದಲ ಆರು ವರ್ಷಗಳ 253 ಕಂತುಗಳಲ್ಲಿ 90ಕ್ಕೂ ಹೆಚ್ಚು ಕಂತುಗಳು, ದಶಕಗಳ ಹುಡುಕಾಟದ ನಂತರವೂ ಸಿಕ್ಕಿಲ್ಲ.

ನೋಟ್‌ಬುಕ್ಕಿನಿಂದ ಪುಸ್ತಕಕ್ಕೆ

ಆ ಕಾಲದಲ್ಲಿ ಸಾಮಾನ್ಯರ ಮನೆಗಳಲ್ಲಿ ವಿಡಿಯೊ ರೆಕಾರ್ಡರ್ ಇರಲಿಲ್ಲ. ಒಮ್ಮೆ ಪ್ರಸಾರವಾದದ್ದು ಮುಗಿದಂತೆಯೇ. ಆದರೂ ಕೆಲವು ಹುಡುಗರು ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿಯನ್ನು ಹಿಡಿದಿಟ್ಟರು. ಕಳೆದುಹೋದ ಒಂದೊಂದು ಕಂತಿನ ಧ್ವನಿಯೂ ಇಂದು ಉಳಿದಿರುವುದು ಇಂಥವರಿಂದ. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಟಿ.ವಿ. ಪರದೆಯ ಫೋಟೊಗಳನ್ನೇ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ಎಷ್ಟೋ ಕಂತುಗಳ ದೃಶ್ಯಗಳು ಈಗ ಆ ಸಣ್ಣ ಚಿತ್ರಗಳಲ್ಲಿ ಮಾತ್ರ ಇವೆ.

ಇದರ ಜೊತೆಗೆ ಬಂದವು ಪುಸ್ತಕಗಳು. 1972ರಲ್ಲಿ ಮಾಲ್ಕಮ್ ಹಲ್ಕ್ ಮತ್ತು ಟೆರೆನ್ಸ್ ಡಿಕ್ಸ್ ಸೇರಿ ಬರೆದ 'ದಿ ಮೇಕಿಂಗ್ ಆಫ್ ಡಾಕ್ಟರ್ ಹೂ' ಪ್ರಕಟವಾಯಿತು. ಇಬ್ಬರೂ ಧಾರಾವಾಹಿಗೆ ದುಡಿದವರು. ಮಕ್ಕಳಿಗೆಂದೇ ಬರೆದ ಈ ಪುಸ್ತಕದಲ್ಲಿ ಅದುವರೆಗಿನ ಕಥೆಗಳ ಸಾರಾಂಶವೂ, ಒಂದು ಕಂತು ಹೇಗೆ ತಯಾರಾಗುತ್ತದೆ ಎಂಬ ವಿವರಣೆಯೂ ಇದ್ದವು. 1973ರಲ್ಲಿ 'ರೇಡಿಯೊ ಟೈಮ್ಸ್' ಪತ್ರಿಕೆ ಹತ್ತನೆಯ ವಾರ್ಷಿಕೋತ್ಸವದ ವಿಶೇಷ ಸಂಚಿಕೆಯಲ್ಲಿ ಕಥೆಗಳ ಪಟ್ಟಿ ಕೊಟ್ಟಿತು. 1981ರಲ್ಲಿ ಫ್ರಾನ್ಸ್ ಮೂಲದ ಜಾನ್ ಮಾರ್ಕ್ ಲೊಫಿಸಿಯೆ ಎರಡು ಸಂಪುಟಗಳ 'ಪ್ರೋಗ್ರಾಂ ಗೈಡ್' ಸಿದ್ಧಪಡಿಸಿದರು. ಕಥೆ ಯಾವುದು, ಎಷ್ಟು ಕಂತು, ಬರೆದವರು ಯಾರು, ನಟಿಸಿದವರು ಯಾರು, ನಡೆದದ್ದೇನು ಎಂಬುದೆಲ್ಲ ಅದರಲ್ಲಿತ್ತು. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ಬರೆದವರಿಗೆ ಈ ಕ್ರಮ ಪರಿಚಿತವೇ. ಅಲಂಕಾರವಿಲ್ಲ, ಅಭಿಪ್ರಾಯ ಕಡಿಮೆ, ಮಾಹಿತಿ ಹೆಚ್ಚು.

ಹೆಸರಿನ ಗೊಂದಲ

ಕೆಲಸ ಸುಲಭದ್ದಾಗಿರಲಿಲ್ಲ. 1966ರವರೆಗೆ ಪರದೆಯ ಮೇಲೆ ಪ್ರತಿ ಕಂತಿಗೂ ಬೇರೆ ಬೇರೆ ಹೆಸರು ಬರುತ್ತಿತ್ತು. ಹಲವು ಕಂತುಗಳ ಇಡೀ ಕಥೆಗೆ ಒಂದು ಹೆಸರೆಂಬುದು ಪ್ರೇಕ್ಷಕರಿಗೆ ಕಾಣುತ್ತಿರಲಿಲ್ಲ. 'ರೇಡಿಯೊ ಟೈಮ್ಸ್' ವಿಶೇಷ ಸಂಚಿಕೆ ಮೊದಲ ಕಂತಿನ ಹೆಸರನ್ನೇ ಇಡೀ ಕಥೆಗೆ ಇಟ್ಟುಬಿಟ್ಟಿತು. ಹೀಗಾಗಿ ಡಾಲೆಕ್‌ಗಳ ಮೊದಲ ಕಥೆಗೆ ಮೂರು ಹೆಸರುಗಳಾದವು: 'ದಿ ಡೆಡ್ ಪ್ಲಾನೆಟ್', 'ದಿ ಮ್ಯೂಟೆಂಟ್ಸ್', 'ದಿ ಡಾಲೆಕ್ಸ್'. ಇವುಗಳಲ್ಲಿ ಎರಡನೆಯ ಹೆಸರಿನ ಬೇರೊಂದು ಕಥೆ 1972ರಲ್ಲಿ ಬಂದು ಗೊಂದಲ ಇಮ್ಮಡಿಯಾಯಿತು.

ಒಂದೇ ಗಿಡಕ್ಕೆ ಊರಿಗೊಂದು ಹೆಸರಿದ್ದಾಗ ಸಸ್ಯವಿಜ್ಞಾನಿಗಳು ಏನು ಮಾಡುತ್ತಾರೆ? ಎಲ್ಲರೂ ಒಪ್ಪುವ ವೈಜ್ಞಾನಿಕ ಹೆಸರಿಗೆ ಮೊರೆಹೋಗುತ್ತಾರೆ. ಇಲ್ಲಿಯೂ ಹಾಗೆಯೇ ಆಯಿತು. ತಯಾರಿಕೆಯ ಕಾಲದಲ್ಲಿ ಬಿಬಿಸಿ ಪ್ರತಿ ಕಥೆಗೂ ಒಂದು ಸಂಕೇತಾಕ್ಷರ ಕೊಟ್ಟಿತ್ತು. ಮೊದಲ ಕಥೆ 'ಎ', ಡಾಲೆಕ್‌ಗಳದು 'ಬಿ'. ಹೆಸರಿನ ಬಗ್ಗೆ ಜಗಳವಿದ್ದರೂ 'ಬಿ' ಎಂದರೆ ಯಾವುದು ಎಂಬುದರಲ್ಲಿ ಜಗಳವಿಲ್ಲ. ನಂತರದ ಗೈಡ್‌ಗಳು ಈ ಸಂಕೇತವನ್ನೂ ತಪ್ಪದೆ ಮುದ್ರಿಸತೊಡಗಿದವು.

ಮೂಲ ಮರಳಿ ಬಂದಾಗ

ಈ ಕಥನದ ಮುಖ್ಯ ಪಾಠ ಇನ್ನು ಮುಂದಿದೆ. ಮೂಲ ಇಲ್ಲದಿದ್ದಾಗ ನೆನಪು ಮತ್ತು ಬರಹವೇ ಸಾಕ್ಷಿ. ಮೂಲ ಮರಳಿ ಸಿಕ್ಕಿದರೆ?

1967ರ 'ದಿ ಟೂಮ್ ಆಫ್ ದಿ ಸೈಬರ್‌ಮೆನ್' ಎಂಬ ನಾಲ್ಕು ಕಂತುಗಳ ಕಥೆ ಪೂರ್ತಿ ಕಳೆದುಹೋಗಿತ್ತು. ಬಾಲ್ಯದಲ್ಲಿ ನೋಡಿದವರು ಅದನ್ನು ಅಮೋಘ ಕೃತಿ ಎಂದು ಕೊಂಡಾಡುತ್ತಿದ್ದರು. ಅಲ್ಲಗಳೆಯಲು ಯಾರ ಬಳಿಯೂ ಆಧಾರವಿರಲಿಲ್ಲ. ಕೊನೆಗೆ ನಾಲ್ಕೂ ಕಂತುಗಳು ಹಾಂಗ್‌ಕಾಂಗಿನಲ್ಲಿ ಸಿಕ್ಕಿ, 1992ರಲ್ಲಿ ವಿಡಿಯೊ ಕ್ಯಾಸೆಟ್ಟಾಗಿ ಹೊರಬಂದವು. ಕಥೆ ಚೆನ್ನಾಗಿಯೇ ಇತ್ತು. ಆದರೆ ಹೊಡೆದಾಟದಲ್ಲಿ ನಟನನ್ನು ಮೇಲೆತ್ತಲು ಕಟ್ಟಿದ್ದ ತಂತಿಯೂ ಕಾಣುತ್ತಿತ್ತು! ಇಪ್ಪತ್ತೈದು ವರ್ಷಗಳ ನೆನಪು ಆ ತಂತಿಯನ್ನು ಮರೆಸಿತ್ತು.

ಇನ್ನೊಂದು ಪ್ರಸಂಗ ಇದಕ್ಕೆ ತದ್ವಿರುದ್ಧ. 'ದಿ ಎನಿಮಿ ಆಫ್ ದಿ ವರ್ಲ್ಡ್' ಆರು ಕಂತುಗಳ ಕಥೆ. ಅದರ ಮೂರನೆಯ ಕಂತು ಮಾತ್ರ ಉಳಿದಿತ್ತು. ಆ ಒಂದು ಕಂತನ್ನು ನೋಡಿದವರು ಇಡೀ ಕಥೆಯನ್ನೇ ಸಪ್ಪೆ ಎಂದು ಬದಿಗಿಟ್ಟಿದ್ದರು. ಉಳಿದ ಐದು ಕಂತುಗಳು ನೈಜೀರಿಯಾದಲ್ಲಿ ದೊರೆತವು. ಅದೇ ಶೋಧದಲ್ಲಿ ಇನ್ನೊಂದು ಕಥೆಯ ನಾಲ್ಕು ಕಂತುಗಳೂ ಸಿಕ್ಕಿದವು. 2013ರ ಅಕ್ಟೋಬರಿನಲ್ಲಿ ಒಟ್ಟು ಒಂಬತ್ತು ಕಂತುಗಳ ಸುದ್ದಿ ಹೊರಬಿತ್ತು. ಪೂರ್ತಿ ನೋಡಿದವರು ಅಚ್ಚರಿಪಟ್ಟರು. ಟ್ರೌಟನ್ ಅವರು ನಾಯಕನಾಗಿಯೂ ಖಳನಾಗಿಯೂ ದ್ವಿಪಾತ್ರದಲ್ಲಿ ಮಿಂಚಿದ್ದ, ವೇಗವಾಗಿ ಓಡುವ ಕಥೆ ಅದು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅದು ನಿಜ. ಏಕೆಂದರೆ ಒಂದೇ ಪಾತ್ರೆಯಲ್ಲಿ, ಒಂದೇ ಕುದಿಯಲ್ಲಿ ಎಲ್ಲ ಅಗುಳೂ ಒಟ್ಟಿಗೆ ಬೇಯುತ್ತವೆ. ಆರು ಕಂತುಗಳು ಹಾಗಲ್ಲ. ಮಾದರಿ ಇಡೀ ಗುಂಪನ್ನು ಪ್ರತಿನಿಧಿಸುತ್ತದೆಯೇ ಎಂದು ವಿಚಾರಿಸದೆ ತೀರ್ಪು ಕೊಡಬಾರದು ಎಂಬುದನ್ನು ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲೇ ಹೇಳುತ್ತಾರೆ.

ಎರಡೂ ಪ್ರಸಂಗಗಳಲ್ಲಿ ಅಭಿಪ್ರಾಯಗಳು ಬದಲಾದವು. ಆದರೆ ಗೈಡ್‌ಗಳಲ್ಲಿ ಸರಿಯಾಗಿ ಬರೆದಿಟ್ಟಿದ್ದ ದಿನಾಂಕ, ಹೆಸರು, ಕಂತುಗಳ ಸಂಖ್ಯೆ ಬದಲಾಗಲಿಲ್ಲ. ಇದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕಂಡದ್ದನ್ನು ಬರೆಯುವುದು ಒಂದು, ಅನಿಸಿದ್ದನ್ನು ಬರೆಯುವುದು ಇನ್ನೊಂದು. ಎರಡನ್ನೂ ಬರೆಯಬಹುದು, ಕಲಸಬಾರದು.

1995ರಲ್ಲಿ ಪಾಲ್ ಕಾರ್ನೆಲ್, ಮಾರ್ಟಿನ್ ಡೇ ಮತ್ತು ಕೀತ್ ಟಾಪಿಂಗ್ 'ದಿ ಡಿಸ್‌ಕಂಟಿನ್ಯುಟಿ ಗೈಡ್' ಎಂಬ ಪುಸ್ತಕ ತಂದರು. ಕಥೆಗಳು ಒಂದಕ್ಕೊಂದು ಹೊಂದದಿರುವ ಜಾಗಗಳನ್ನೂ ಚಿತ್ರೀಕರಣದ ಎಡವಟ್ಟುಗಳನ್ನೂ ಅದರಲ್ಲಿ ಪಟ್ಟಿ ಮಾಡಿದ್ದಾರೆ. ಬರೆದವರು ಧಾರಾವಾಹಿಯ ಶತ್ರುಗಳಲ್ಲ, ಪರಮ ಅಭಿಮಾನಿಗಳು. ಪ್ರೀತಿಸಿದ್ದರ ತಪ್ಪನ್ನೂ ಬರೆದಿಡುವ ಈ ಗುಣ ನಮ್ಮ ಮಕ್ಕಳಿಗೂ ಬರಬೇಕು.

ಮನೆಯಲ್ಲೊಂದು ಪ್ರಯೋಗ

ಮಗ ಧಾರಾವಾಹಿಯ ಪಾತ್ರಗಳ ಪಟ್ಟಿ ಬರೆಯುತ್ತ ಕುಳಿತರೆ ಪೋಷಕರಿಗೆ ಸಿಟ್ಟು ಬರುವುದು ಸಹಜ. ಪಾಠ ಬಿಟ್ಟು ಅದನ್ನೇ ಮಾಡುತ್ತಿದ್ದರೆ ತಡೆಯಲೇಬೇಕು. ಆದರೆ ಸುಮ್ಮನೆ ಬಾಯಿಬಿಟ್ಟುಕೊಂಡು ನೋಡುವುದಕ್ಕೂ, ನೋಡಿದ್ದನ್ನು ತಾರೀಖು ಹಾಕಿ ಬರೆದಿಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ವೀಕ್ಷಣೆಯ ಅಭ್ಯಾಸ. ವಿಜ್ಞಾನಕ್ಕೆ ಬೇಕಾದದ್ದು ಅದೇ.

ರಜಾದಿನದಲ್ಲಿ ಒಂದು ಪ್ರಯೋಗ ಮಾಡಿ ನೋಡಬಹುದು. ಶಂಕರನಾಗ್ ನಿರ್ದೇಶನದ, ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು 1980ರ ದಶಕದಲ್ಲಿ ದೂರದರ್ಶನದಲ್ಲಿ ನೋಡಿದವರು ಅನೇಕ ಮನೆಗಳಲ್ಲಿದ್ದಾರೆ. ಅಪ್ಪ, ಅಮ್ಮ, ದೊಡ್ಡಪ್ಪ, ಅತ್ತೆ ಹೀಗೆ ಮೂರು ನಾಲ್ಕು ಜನರನ್ನು ಆರಿಸಿಕೊಳ್ಳಿ. ಅವರೆಲ್ಲರಿಗೂ ನೆನಪಿರುವ ಒಂದು ಕಂತಿನ ಬಗ್ಗೆ ಬೇರೆ ಬೇರೆಯಾಗಿ ಕೇಳಿ. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ತಾರೀಖು ಹಾಕಿ. ಆನಂತರ ಎಲ್ಲರೂ ಕೂತು ಆ ಕಂತನ್ನು ನೋಡಿ. ಎಷ್ಟು ಸರಿ, ಎಷ್ಟು ತಪ್ಪು? ಎಲ್ಲರೂ ಒಪ್ಪಿ ಹೇಳಿದ್ದರಲ್ಲಿಯೂ ತಪ್ಪಿತ್ತೇ? ಗೊತ್ತಾದ ತಪ್ಪನ್ನು ಅಳಿಸಬೇಡಿ. ಪಕ್ಕದಲ್ಲೇ ಸರಿಯಾದುದನ್ನು ಬರೆಯಿರಿ.

ಆ ಪುಟಗಳನ್ನು ಮುಂದೆ ಓದುವವರಿಗೆ ಧಾರಾವಾಹಿಯ ಬಗ್ಗೆಯೂ ತಿಳಿಯುತ್ತದೆ, ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ.