ಪಶ್ಚಿಮ ತಾಲೂಕುಗಳ ಗರ್ಭಿಣಿಯರು

ಹೆರಿಗೆಯ ಬೇನೆಯ ನಡುವೆ ಗರ್ಭಕೋಶವೇ ಸೀಳಿಹೋಗುವ ವಿಪತ್ತು ವಿರಳವಾದುದು. ಆದರೆ ಒದಗಿದಾಗ ಅದು ಅವಕಾಶವನ್ನು ಕೊಡುವದಿಲ್ಲ. ಬಿಟ್ಟು ಬಿಟ್ಟು ಬರುತ್ತಿದ್ದ ಬೇನೆ ಒಮ್ಮೆಲೇ ನಿಂತುಹೋಗಬಹುದು. ಕೂಸಿನ ಎದೆಬಡಿತ ಕುಗ್ಗುವದು. ರಕ್ತವು ಹೊರಗೆ ಕಾಣದೆ ಹೊಟ್ಟೆಯೊಳಗೇ ತುಂಬುವದು. ಕೂಡಲೇ ಹೊಟ್ಟೆಯನ್ನು ತೆರೆದು, ಕೂಸನ್ನು ತೆಗೆದು, ಸೀಳನ್ನು ಹೊಲಿಯಬೇಕು. ಹೊಲಿಯಲಾಗದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕು. ಶಸ್ತ್ರವೈದ್ಯರು, ಅರಿವಳಿಕೆಯ ವೈದ್ಯರು, ಹೊಂದುವ ರಕ್ತ, ಈ ಮೂರೂ ಒಂದೇ ಸೂರಿನಡಿ ಇಲ್ಲದಿದ್ದರೆ ಇದು ಆಗದ ಮಾತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜನರು ಇಂಥ ಚಿಕಿತ್ಸೆಯನ್ನು ಅರಸಿ ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ಓಡುವ ರೂಢಿ ಹಳೆಯದು. ದಾವಣಗೆರೆಯ ಜಿಲ್ಲಾ ಆಸ್ಪತ್ರೆ ಹೊತ್ತಿರುವ ಚಿಗಟೇರಿಯೆಂಬ ಹೆಸರು ಹರಪನಹಳ್ಳಿ ತಾಲೂಕಿನ ಊರಿನದೇ! ಈ ತಾಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಮರಳಿ ಬಳ್ಳಾರಿಗೆ ಬಂದಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಗಡಿಗಳು ಸರಿದರೂ ದಾರಿ ಸವೆಯಲಿಲ್ಲ.

ಹಿಂದೆ ದಿನಗಟ್ಟಲೆ ತಡೆದ ಹೆರಿಗೆಯೇ ಈ ಸೀಳಿಗೆ ಮುಖ್ಯ ಕಾರಣವಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲಿಯೇ ಆದವು. ಆದರೆ ನೂರರಲ್ಲಿ 31ಕ್ಕೂ ಹೆಚ್ಚು ಸಿಜೇರಿಯನ್‌ಗಳು. ಪ್ರತಿ ಸಿಜೇರಿಯನ್ ಗರ್ಭಕೋಶದ ಮೇಲೆ ಒಂದು ಗಾಯದ ಗುರುತನ್ನು ಉಳಿಸುವದು. ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ದ ಒಂದು ಗಾಯವಿದ್ದು ಸಹಜ ಹೆರಿಗೆಗೆ ಯತ್ನಿಸಿದರೆ, ಸುಮಾರು 200 ಮಂದಿಯಲ್ಲಿ ಒಬ್ಬಳಿಗೆ ಅದು ಬಿಚ್ಚಬಹುದು. ಮೇಲಿನಿಂದ ಉದ್ದಕ್ಕೆ ಕೊಯ್ದಿದ್ದರೆ ಅಪಾಯ ಹಲವು ಪಟ್ಟು. ಅಂದಮೇಲೆ, ವಿಪತ್ತು ಹಠಾತ್ತಾದರೂ ಅದು ಯಾರಿಗೆ ಒದಗೀತೆಂಬದನ್ನು ತಿಂಗಳುಗಳ ಮೊದಲೇ ಬಹುಮಟ್ಟಿಗೆ ಅರಿಯಬಹುದಲ್ಲವೆ?

ಅರಿಯಲು ಕಾಗದ ಬೇಕು. ಹೆಣ್ಣುಮಗಳು ಹೆರಿಗೆಗೆ ತವರಿಗೆ ಬರುವಳು. ಹಿಂದಿನ ಶಸ್ತ್ರಕ್ರಿಯೆಯ ಕಾಗದವು ಗಂಡನ ಮನೆಯ ಪೆಟ್ಟಿಗೆಯಲ್ಲಿರುವದು. ಕಬ್ಬು ಕಡಿಯಲು ಮಂಡ್ಯದ ಕಡೆಗೆ ಗುಳೆ ಹೋಗುವ ತಾಂಡಾದವರ ಪಾಡು ಇನ್ನೂ ಕಷ್ಟ. ಎಂಥ ಕೊಯ್ತ, ಎಷ್ಟು ವರ್ಷದ ಹಿಂದೆ ಎಂಬದನ್ನರಿಯದೆ ದಾದಿಯು ಏನು ಮಾಡಿಯಾಳು? ಇಂಥವಳಿಗೆ ಬೇನೆ ಹೆಚ್ಚಿಸುವ ಔಷಧವನ್ನು ಕಾವಲಿಲ್ಲದೆ ಕೊಡುವದು ಬೆಂಕಿಗೆ ಎಣ್ಣೆ ಹೊಯ್ದಂತೆ.

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರಲ್ಲಿ ಐವರು ತೀರಿಕೊಂಡರು. ಶಿರೆಗೆ ಹರಿಸಿದ ದ್ರವದ ಮೇಲೆ ಸಂದೇಹ ಬಿದ್ದಿತು. ಆ ಬಳಿಕ ಹಳ್ಳಿಯವರು ಆಸ್ಪತ್ರೆಗೆ ಅಂಜಿದರೆ ಅವರನ್ನು ಹಳಿಯಲಾರೆವು. ಆದರೆ ಹಳೆಯ ಗಾಯವಿದ್ದವಳು ಅಂಜಿ ಮನೆಯಲ್ಲಿ ಕಾಯುವದು ಅದಕ್ಕಿಂತ ಅಪಾಯಕರ. ಆ ನಂಬಿಕೆಯನ್ನು ಮರಳಿ ಗಳಿಸುವ ಹೊಣೆ ಸರಕಾರದ್ದು.

2008ರಲ್ಲಿ ಆರಂಭವಾದ 108ರ ವಾಹನವು ಉಪಕಾರಿಯೇ ಸರಿ, ವಾಹನದಲ್ಲಿ ಶಸ್ತ್ರಕ್ರಿಯೆಯಾಗದು. ಕೊಟ್ಟೂರೇಶ್ವರನ ತೇರಿನ ದಿನವನ್ನರಿತು ವಾರಗಳ ಮೊದಲೇ ಸಿದ್ಧತೆ ನಡೆಸುವ ಅಧಿಕಾರಿಗಳಿಗೆ, ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ದಿನವೂ ತಿಳಿದೇ ಇರುವದು. ಹಿಂದಿನ ಕೊಯ್ತದ ವಿವರವನ್ನು ಅದೇ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಲಿ. ಅಂಥವಳನ್ನು ಬೇನೆ ಬರುವ ಮೊದಲೇ, ಜೊತೆಯವಳೊಬ್ಬಳೊಡನೆ, ಶಸ್ತ್ರಕ್ರಿಯೆಯ ಅನುಕೂಲವಿರುವಲ್ಲಿಗೆ ಕರೆತಂದು ಇರಿಸಿಕೊಳ್ಳಲಿ. ರಾತ್ರಿ ಎರಡು ಗಂಟೆಗೆ ವೈದ್ಯರಿಬ್ಬರೂ ರಕ್ತವೂ ದೊರೆಯುವ ತಾಲೂಕು ಆಸ್ಪತ್ರೆಗಳು ಯಾವವೆಂಬದನ್ನು ಜಿಲ್ಲಾಡಳಿತವು ಪ್ರತಿ ತಿಂಗಳೂ ಪ್ರಕಟಿಸಲಿ.